ಬಣ್ಣ ಬದಲಿಸಿದ ಬೋಗಿಗಳು

ಕೋಣದ ವಯಸ್ಸನ್ನು ಹಲ್ಲು ನೋಡಿ ಹೇಳುವವರು ಕುಂದಾಪುರದ ಕಡೆ ಇಂದಿಗೂ ಸಿಗುತ್ತಾರೆ. ರೈಲಿನ ಬೋಗಿಯ ವಯಸ್ಸು ಹೇಳುವುದಕ್ಕೆ ಅಷ್ಟು ಪಾಂಡಿತ್ಯವೂ ಬೇಡ. ತಾನು ಹುಟ್ಟಿದ ವರ್ಷವನ್ನು ಮೈಮೇಲೆ ಬರೆದುಕೊಂಡು ಊರೂರು ತಿರುಗುವ ಪ್ರಾಣಿ ಲೋಕದಲ್ಲಿ ಅದೊಂದೇ ಇರಬೇಕು! ಆದರೂ ದಿನ ಬೆಳಗಾದರೆ ಅದನ್ನು ಏರಿ ಇಳಿಯುವವರಲ್ಲಿ ಬಹುಮಂದಿ ಆ ಬರಹವನ್ನು ಓದಿದವರಲ್ಲ. ಟಿಕೇಟಿನ ಮೇಲಿನ ಅಂಕೆಗೂ ಬಾಗಿಲ ಪಕ್ಕದ ಅಂಕೆಗೂ ತಾಳೆಯಾದರೆ ಸಾಕು, ಒಳಗೆ ನುಗ್ಗಿ ಗಂಟುಮೂಟೆ ಇಳಿಸಿ, ಕಿಟಕಿಯ ಬದಿ ಸಿಕ್ಕಿತೇ ಇಲ್ಲವೇ ಎಂಬ ಚಿಂತೆಯಲ್ಲಿ ಮುಳುಗುತ್ತಾರೆ. ಬೋಗಿಯು ಎಲ್ಲಿ ಹುಟ್ಟಿತು, ಎಷ್ಟು ದುಡಿಯಿತು, ಯಾವ ಬಣ್ಣದಲ್ಲಿ ಬೆಳೆಯಿತು ಎಂಬುದು ಯಾರಿಗೆ ಬೇಕು?

ಬೇಕಾದವರೂ ಇದ್ದಾರೆ. ಬಾರಕೂರಿನಲ್ಲಿ, ಮೂಡ್ಲಕಟ್ಟೆಯಲ್ಲಿರುವ ಕುಂದಾಪುರ ನಿಲ್ದಾಣದಲ್ಲಿ, ಮೂಕಾಂಬಿಕಾ ರೋಡ್ ಎಂಬ ಹೆಸರನ್ನು ಹೊತ್ತ ಬೈಂದೂರಿನಲ್ಲಿ ಗಾಡಿ ಬರುವ ಹೊತ್ತಿಗೆ ನಿಂತು ನೋಡಿದರೆ ಸಾಕು, ಒಂದು ಚಿಕ್ಕ ಚರಿತ್ರೆಯೇ ಕಣ್ಣ ಮುಂದೆ ಹಾದುಹೋಗುತ್ತದೆ. ಆ ಚರಿತ್ರೆಯ ಒಂದು ಅಧ್ಯಾಯ ಈಗ ಮುಗಿಯುತ್ತಿರುವುದರಿಂದ, ಅದನ್ನು ಓದುವ ಬಗೆಯನ್ನು ತಿಳಿದಿರುವುದು ಒಳ್ಳೆಯದು.

ತಡವಾಗಿ ಬಂದ ಅತಿಥಿ

ಮಂಗಳೂರಿಗೆ ರೈಲು ಬಂದದ್ದು ೧೯೦೭ರಲ್ಲಿ. ಅಲ್ಲಿಂದ ಉತ್ತರಕ್ಕೆ ಒಂದು ಮೊಳ ಹಳಿಯನ್ನೂ ಹಾಕದೆ ಶತಮಾನದ ಬಹುಭಾಗ ಕಳೆದುಹೋಯಿತು. ನದಿಯ ಮೇಲೆ ನದಿ, ಕಡವಿನ ಮೇಲೆ ಕಡವು. ಮುಂಬಯಿಯಲ್ಲಿ ಹೋಟೆಲು ಇಟ್ಟ ಕುಂದಾಪುರದವರು ಊರಿಗೆ ಬರಬೇಕಾದರೆ ಘಟ್ಟ ಹತ್ತಿ ಇಳಿಯುವ ಬಸ್ಸೇ ಗತಿಯಾಗಿದ್ದ ಕಾಲವನ್ನು ಹಿರಿಯರು ಈಗಲೂ ನೆನೆಯುತ್ತಾರೆ. ೧೯೯೦ರಲ್ಲಿ, ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಅವರು ರೈಲ್ವೆ ಸಚಿವರಾಗಿದ್ದಾಗ ಕೊಂಕಣ ರೈಲ್ವೆ ನಿಗಮ ಹುಟ್ಟಿತು, ಇ. ಶ್ರೀಧರನ್ ಅವರು ಅದರ ಅಧ್ಯಕ್ಷರಾದರು. ೧೯೯೩ರ ಮಾರ್ಚ್ ೨೦ರಂದು ಮಂಗಳೂರು–ಉಡುಪಿ ನಡುವೆ ಮೊದಲ ಪ್ರಯಾಣಿಕ ಗಾಡಿ ಓಡಿತು. ೧೯೯೮ರ ಜನವರಿ ೨೬ರಂದು ರೋಹಾದಿಂದ ಮಂಗಳೂರಿನವರೆಗಿನ ಇಡೀ ದಾರಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಮಿಕ್ಕ ಸೇತುವೆ, ಮಹಾರಾಷ್ಟ್ರದ ಕರಬುಡೆಯಲ್ಲಿ ಆರೂವರೆ ಕಿಲೋಮೀಟರಿನ ಸುರಂಗ, ಇವುಗಳ ವರ್ಣನೆ ಬೇಕಾದಷ್ಟು ಆಗಿದೆ. ಇಲ್ಲಿ ಅದು ಬೇಡ.

ಇಲ್ಲಿ ಗಮನಿಸತಕ್ಕ ಸಂಗತಿ ಬೇರೆ. ರೈಲು ತಡವಾಗಿ ಬಂದುದರಿಂದ ಈ ಕರಾವಳಿಯ ತುಂಡು ರೈಲಿನ ಬಾಲ್ಯವನ್ನೂ ಯೌವನವನ್ನೂ ಕಾಣಲಿಲ್ಲ. ಹುಬ್ಬಳ್ಳಿಯವರು, ಅರಸೀಕೆರೆಯವರು ಹೊಗೆ ಉಗುಳುವ ಎಂಜಿನ್ನನ್ನೂ, ಮರದ ಮೈಯ ಬೋಗಿಗಳನ್ನೂ, ಮೂರನೆಯ ದರ್ಜೆಯ ಹಲಗೆ ಬೆಂಚುಗಳನ್ನೂ ಕಂಡವರು. ಕೊಂಕಣ ರೈಲ್ವೆಯಾದರೋ ಹುಟ್ಟಿನಿಂದಲೇ ಡೀಸೆಲ್ ಎಂಜಿನ್ನಿನ ದಾರಿ. ಮೂರನೆಯ ದರ್ಜೆ ಎಂಬ ಹೆಸರೇ ೧೯೭೪ರಲ್ಲಿ ಅಳಿದಿತ್ತು. ಆದ್ದರಿಂದ ಬ್ರಹ್ಮಾವರದಲ್ಲೋ ಬೈಂದೂರಿನಲ್ಲೋ ಯಾರಾದರೂ 'ಹಳೆಯ ಬೋಗಿ' ಎಂದರೆ ಅದು ಒಂದೇ ಒಂದು ಜಾತಿಯ ಬೋಗಿ: ಮದರಾಸಿನ ಪೆರಂಬೂರಿನಲ್ಲಿ ಹುಟ್ಟಿದ ಉಕ್ಕಿನ ಬೋಗಿ.

ಪೆರಂಬೂರಿನ ಮಕ್ಕಳು

ಮರದ ಬೋಗಿಗಳ ಕಾಲದಲ್ಲಿ ಕೆಳಗಿನ ಚೌಕಟ್ಟು ಮಾತ್ರ ಉಕ್ಕಿನದು. ಅದರ ಮೇಲೆ ಸಾಗುವಾನಿಯ ಮನೆ ಕಟ್ಟಿದಂತೆ ಮೈಯನ್ನು ಕಟ್ಟುತ್ತಿದ್ದರು. ನೋಡಲು ಚೆಂದ, ಅಪಘಾತವಾದರೆ ಚೌಕಟ್ಟು ಉಳಿಯುತ್ತಿತ್ತು, ಮನೆ ಉಳಿಯುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ನಮ್ಮಲ್ಲಿಯೇ ಉಕ್ಕಿನ ಬೋಗಿಗಳನ್ನು ಕಟ್ಟುವ ಯತ್ನ ನಡೆಯಿತು. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಅಂದರೆ ವಿಮಾನ ಕಟ್ಟಲೆಂದು ಹುಟ್ಟಿದ ಸಂಸ್ಥೆ, ರೈಲು ಬೋಗಿಗಳನ್ನೂ ಕಟ್ಟತೊಡಗಿತು. ಹಾರುವ ಹಕ್ಕಿಯ ಗೂಡಿನಲ್ಲಿ ತೆವಳುವ ಪ್ರಾಣಿ ಬೆಳೆದಂತೆ! ಆ ವಿಭಾಗವೇ ೧೯೬೪ರಲ್ಲಿ ಬೇರೆಯಾಗಿ ಬಿ.ಇ.ಎಂ.ಎಲ್. ಎಂಬ ಸಂಸ್ಥೆಯ ಬೇರಾಯಿತು.

ಇನ್ನೊಂದು ಕಡೆ, ಸ್ವಿಜರ್ಲೆಂಡಿನ ಜ್ಯೂರಿಕ್ ಸಮೀಪದ ಶ್ಲೀರೆನ್ ಎಂಬಲ್ಲಿಯ ಕಂಪನಿಯ ಸಹಾಯದಿಂದ ಪೆರಂಬೂರಿನಲ್ಲಿ 'ಇಂಟೆಗ್ರಲ್ ಕೋಚ್ ಫ್ಯಾಕ್ಟರಿ' ತಲೆಯೆತ್ತಿತು. ೧೯೫೫ರ ಅಕ್ಟೋಬರ್ ೨ರಂದು ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಇಲ್ಲಿಯ ಬೋಗಿಯಲ್ಲಿ ಚೌಕಟ್ಟು ಬೇರೆ, ಮೈ ಬೇರೆ ಎಂಬ ಭೇದವಿಲ್ಲ. ನೆಲ, ಗೋಡೆ, ಮಾಡು ಎಲ್ಲವೂ ಬೆಸುಗೆಯಿಂದ ಒಂದೇ ಕೊಳವೆಯಾಗಿ, ಭಾರವನ್ನೂ ಹೊಡೆತವನ್ನೂ ಇಡೀ ಮೈಯೇ ಹೊರುತ್ತದೆ. ಕಾರ್ಖಾನೆಯ ಹೆಸರಿನ 'ಇಂಟೆಗ್ರಲ್' ಎಂಬ ಮಾತಿನ ಅರ್ಥವೂ ಇದೇ. ಅರವತ್ತು ವರ್ಷಗಳಿಗೂ ಮಿಕ್ಕಿ ಈ ದೇಶದ ಜನ ಪ್ರಯಾಣ ಮಾಡಿದ್ದು ಬಹುಮಟ್ಟಿಗೆ ಈ ಜಾತಿಯ ಬೋಗಿಗಳಲ್ಲಿಯೇ. ಮದುವೆಯ ದಿಬ್ಬಣ, ಸೈನಿಕರ ದಂಡು, ಕೊಲ್ಲೂರಿಗೆ ಬರುವ ಕೇರಳದ ಭಕ್ತರು, ಮುಂಬಯಿಗೆ ಹೊರಟ ಹೋಟೆಲಿನ ಹುಡುಗರು, ಎಲ್ಲರನ್ನೂ ಹೊತ್ತದ್ದು ಇವೇ. ೨೦೧೮ರ ಜನವರಿಯಲ್ಲಿ ಈ ವಿನ್ಯಾಸದ ಕೊನೆಯ ಬೋಗಿ ಪೆರಂಬೂರಿನಿಂದ ಹೊರಬಿತ್ತು. ಆ ಬಳಿಕ ಉಳಿದದ್ದು ಹಳೆಯವು ಸವೆಯುವುದೊಂದೇ.

ಅಂದ ಹಾಗೆ, ನಾವೆಲ್ಲ ಬಾಯಿತುಂಬ 'ಬೋಗಿ' ಎನ್ನುತ್ತೇವಷ್ಟೆ; ಎಂಜಿನಿಯರ ಬಾಯಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ನಾಲ್ಕು ಚಕ್ರಗಳನ್ನು ಸ್ಪ್ರಿಂಗು, ಬ್ರೇಕುಗಳೊಡನೆ ಜೋಡಿಸಿ, ಡಬ್ಬಿಯ ಎರಡು ತುದಿಗಳ ಅಡಿಯಲ್ಲಿ ತಿರುಗುವಂತೆ ಇಟ್ಟ ಗಾಲಿಬಂಡಿ ಇದೆಯಲ್ಲ, ಅವರಿಗೆ ಬೋಗಿ ಎಂದರೆ ಅದು. ಕಾಲಿನ ಹೆಸರನ್ನು ಇಡೀ ಮೈಗೆ ಇಟ್ಟ ಕೀರ್ತಿ ನಮ್ಮದು. ಇರಲಿ, ಜನ ಒಪ್ಪಿದ ಮಾತನ್ನು ವರ್ಕ್‌ಶಾಪಿನವರು ಬದಲಿಸಲಾರರು.

ಮೈಮೇಲಿನ ಜಾತಕ

ಬೋಗಿಯ ಪಕ್ಕದಲ್ಲಿ, ತುದಿಯ ಬಾಗಿಲುಗಳ ಬಳಿ ಐದು ಅಂಕೆಗಳ ಒಂದು ಸಂಖ್ಯೆ ಇರುತ್ತದೆ. ಹೊಸ ಬೋಗಿಗಳಲ್ಲಿ ಆರು ಅಂಕೆಗಳೂ ಉಂಟು. ಮೊದಲೆರಡು ಅಂಕೆಗಳೇ ಹುಟ್ಟಿದ ವರ್ಷ. ಉಳಿದವು ಜಾತಿಯನ್ನು ಹೇಳತಕ್ಕವು. ಉದಾಹರಣೆಗೆ ೯೮೨೩೪ ಎಂದಿದ್ದರೆ, ೧೯೯೮ರಲ್ಲಿ ಕಟ್ಟಿದ್ದು ಎಂದಾಯಿತು. ೨೩೪ ಎಂಬುದು ೨೦೧ರಿಂದ ೪೦೦ರ ಒಳಗೆ ಬರುವುದರಿಂದ ಅದು ಎರಡನೆಯ ದರ್ಜೆಯ ಸ್ಲೀಪರ್. ೪೦೧ರಿಂದ ೬೦೦ರವರೆಗಿನದು ಮುಂಗಡ ಕಾದಿರಿಸದ ಜನರಲ್ ಬೋಗಿ. ೭೦೦ ದಾಟಿದರೆ ಗಾರ್ಡಿನ ಕೋಣೆಯೂ ಸಾಮಾನಿನ ಕೋಣೆಯೂ ಕೂಡಿದ ಬೋಗಿ. ೫೧ರಿಂದ ೨೦೦ರ ಒಳಗಿನವು ತಂಪು ಹವೆಯವು, ಅಂದರೆ ಜೇಬು ಗಟ್ಟಿಯಿದ್ದವರದು.

ಸಂಖ್ಯೆಯ ಬಳಿ ಕೆಲವು ಇಂಗ್ಲಿಷ್ ಅಕ್ಷರಗಳೂ ಇರುತ್ತವೆ. ಅವು ಮಂತ್ರಾಕ್ಷರಗಳಂತೆ ಕಂಡರೂ ಬಿಡಿಸಿದರೆ ಸುಲಭ. ಹಳೆಯ ಸ್ಲೀಪರ್ ಬೋಗಿಯ ಮೇಲೆ ಡಬ್ಲ್ಯು.ಜಿ.ಎಸ್.ಸಿ.ಎನ್. ಎಂದಿರುತ್ತದೆ. 'ಡಬ್ಲ್ಯು' ಎಂದರೆ ಒಂದು ಬೋಗಿಯಿಂದ ಇನ್ನೊಂದಕ್ಕೆ ನಡೆದುಹೋಗುವ ದಾರಿಯುಳ್ಳದ್ದು. 'ಜಿ' ಎಂದರೆ ಚಕ್ರದಿಂದ ತಿರುಗುವ ಡೈನಮೋದಿಂದ ತನ್ನ ದೀಪ, ಫ್ಯಾನುಗಳಿಗೆ ತಾನೇ ವಿದ್ಯುತ್ತು ಮಾಡಿಕೊಳ್ಳುವಂಥದು. 'ಎಸ್' ಎರಡನೆಯ ದರ್ಜೆ. ಕೊನೆಯ ಎರಡಕ್ಷರ ಮೂರು ಅಂತಸ್ತಿನ ಮಲಗುವ ಸ್ಥಳ. ಹೊಸ ಜಾತಿಯ ಬೋಗಿಯಾದರೆ ಎಲ್ಲಕ್ಕೂ ಮೊದಲು 'ಎಲ್' ಎಂಬ ಅಕ್ಷರ ಬಂದು ಕುಳಿತಿರುತ್ತದೆ.

ಇನ್ನೂ ಕೆಳಗೆ, ತುದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಕೊನೆಯ ಬಾರಿ ಯಾವ ವರ್ಕ್‌ಶಾಪಿನಲ್ಲಿ ಸಂಪೂರ್ಣ ದುರಸ್ತಿಯಾಯಿತು, ಮತ್ತೆ ಯಾವಾಗ ಹೋಗಬೇಕು ಎಂಬ ದಿನಾಂಕಗಳನ್ನು ಬರೆದಿರುತ್ತಾರೆ. ಎಕ್ಸ್‌ಪ್ರೆಸ್ ಗಾಡಿಗಳಲ್ಲಿ ಓಡುವ ಹಳೆಯ ಬೋಗಿಗೆ ಹದಿನೆಂಟು ತಿಂಗಳಿಗೊಮ್ಮೆ ಈ ಅಭ್ಯಂಜನ ಆಗಬೇಕು. ಹುಬ್ಬಳ್ಳಿಯಲ್ಲಿ, ಮೈಸೂರಿನಲ್ಲಿ, ಪೆರಂಬೂರಿನಲ್ಲಿ ಈ ಕೆಲಸದ ವರ್ಕ್‌ಶಾಪುಗಳಿವೆ. ಅಲ್ಲಿ ಚಕ್ರಗಳನ್ನು ಕಳಚಿ, ಸ್ಪ್ರಿಂಗುಗಳನ್ನು ಪರೀಕ್ಷಿಸಿ, ತುಕ್ಕು ತಿಂದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದು, ಕೊನೆಗೆ ಬಣ್ಣ ಬಳಿದು ಕಳಿಸುತ್ತಾರೆ. ಆದುದರಿಂದ ಹೊಳೆಯುವ ಬಣ್ಣವನ್ನು ನೋಡಿ ಬೋಗಿ ಹೊಸದೆಂದು ತಿಳಿದರೆ ಮೋಸವೇ. ಬಣ್ಣ ನಿನ್ನೆಯದಿರಬಹುದು, ಮೊದಲೆರಡು ಅಂಕೆ ಮಾತ್ರ ಸುಳ್ಳು ಹೇಳದು.

ಅಂಕೆ ಕಾಣದಷ್ಟು ದೂರದಲ್ಲಿದ್ದರೆ? ಆಗ ಕಿವಿಯೂ ಕಣ್ಣೂ ಬೇಕು. ಎರಡು ಬೋಗಿಗಳು ಸೇರುವ ಜಾಗವನ್ನು ನೋಡಬೇಕು. ಎಡಬಲಗಳಲ್ಲಿ ದುಂಡನೆಯ ಎರಡು ಉಕ್ಕಿನ ತಟ್ಟೆಗಳು ಪರಸ್ಪರ ಕೆನ್ನೆಗೆ ಕೆನ್ನೆ ಒತ್ತಿ, ನಡುವೆ ತಿರುಪಿನ ಕೊಂಡಿ ಇದ್ದರೆ ಅದು ಹಳೆಯದು. ತಟ್ಟೆಗಳಿಲ್ಲದೆ ನಡುವೆ ಒಂದೇ ದಪ್ಪನೆಯ ಕೈಹಿಡಿತವಿದ್ದರೆ ಹೊಸದು. ಇತ್ತೀಚಿನ ವರ್ಷಗಳಲ್ಲಿ ಕೆಲವು ಹಳೆಯ ಬೋಗಿಗಳಿಗೂ ಹೊಸ ಕೊಂಡಿ ಜೋಡಿಸಿದ್ದರಿಂದ ಇದೊಂದನ್ನೇ ನಂಬುವಂತಿಲ್ಲ. ಹಳೆಯ ಬೋಗಿಯ ಮಾಡು ದೋಣಿಯನ್ನು ಬೋರಲು ಹಾಕಿದಂತೆ ಗುಂಡಗೆ ಇಳಿಯುತ್ತದೆ. ಹೊಸದರ ಮೈ ಪೆಟ್ಟಿಗೆಯಂತೆ ನೆಟ್ಟಗೆ. ನಿಲ್ಲುವಾಗ ಹಳೆಯದರ ಬ್ರೇಕು ಚಕ್ರದ ಅಂಚನ್ನೇ ಎರಡು ಕಡೆಯಿಂದ ಕಚ್ಚುವುದರಿಂದ ಕಿರ್ರೆಂದು ಕೂಗುತ್ತದೆ. ಹೊಸದರ ಬ್ರೇಕು ಅಚ್ಚಿನ ಮೇಲಿನ ಬೇರೆ ತಟ್ಟೆಯನ್ನು ಹಿಡಿಯುತ್ತದೆ, ಹೆಚ್ಚು ಸದ್ದಿಲ್ಲ.

ಹಂಚಿನ ಕೆಂಪು, ಆಕಾಶದ ನೀಲಿ

ಈಗ ಬಣ್ಣದ ಮಾತು. ಗಾಡಿ ಈ ಕರಾವಳಿಗೆ ಮೊದಲು ಬಂದ ಕಾಲದಲ್ಲಿ ದೇಶದ ಸಾಮಾನ್ಯ ಗಾಡಿಗಳ ಬಣ್ಣ ಇಟ್ಟಿಗೆಗೆಂಪು. ಬ್ರಹ್ಮಾವರ, ಕುಂದಾಪುರಗಳ ಜನರಿಗೆ ಈ ಬಣ್ಣವನ್ನು ವಿವರಿಸುವ ಅಗತ್ಯವಿಲ್ಲ. ಎರಡು ಮಳೆಗಾಲ ಕಂಡ ಮಂಗಳೂರು ಹಂಚಿನ ಬಣ್ಣವೇ ಅದು. ಕಲೆಯ ದೃಷ್ಟಿಯಿಂದ ಅದಕ್ಕೆ ಯಾರೂ ಬಹುಮಾನ ಕೊಡಲಿಲ್ಲ. ಆದರೆ ಅದರ ಹಿಂದೆ ಒಂದು ಗೃಹಿಣಿಯ ಜಾಣತನವಿತ್ತು. ಬ್ರೇಕಿನ ಕಬ್ಬಿಣದ ಪುಡಿ ಹಾರಿ ಮೈಗೆ ಹತ್ತಿದರೂ, ಮುರಕಲ್ಲಿನ ಗುಡ್ಡ ಸೀಳಿದ ದಾರಿಯ ಕೆಮ್ಮಣ್ಣು ಅಂಟಿದರೂ, ಕಡಲ ಗಾಳಿಗೆ ತುಕ್ಕು ಮೂಡಿದರೂ ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲ. ತೊಳೆಯುವ ಕೈಗಳು ಕಡಿಮೆಯಿರುವ ಮನೆಗೆ ತಕ್ಕ ಬಣ್ಣ.

೧೯೯೦ರ ದಶಕದಲ್ಲಿ ನೀಲಿ ಬಂದಿತು. ಕೆಳಗೂ ಮೇಲೂ ಗಾಢನೀಲಿ, ಅದಕ್ಕೊಂದು ತಿಳಿನೀಲಿಯ ಪಟ್ಟಿ. ಇದನ್ನು ಕೇವಲ ಅಲಂಕಾರವೆಂದು ತಿಳಿದವರೇ ಹೆಚ್ಚು. ನಿಜವಾಗಿ ಅದು ಬ್ರೇಕಿನ ಸಂಕೇತ. ಕೆಂಪು ಬೋಗಿಗಳಲ್ಲಿದ್ದದ್ದು ನಿರ್ವಾತದ ಬ್ರೇಕು: ಕೊಳವೆಯಿಂದ ಗಾಳಿಯನ್ನು ಹೀರಿ ತೆಗೆದಿರುತ್ತಾರೆ, ಗಾಳಿ ಒಳನುಗ್ಗಿದಾಗ ಗಾಡಿ ನಿಲ್ಲುತ್ತದೆ. ನೀಲಿ ಬೋಗಿಗಳಲ್ಲಿ ಒತ್ತಿ ತುಂಬಿದ ಗಾಳಿಯ ಬ್ರೇಕು: ಒತ್ತಡ ಇಳಿದಾಗ ಗಾಡಿ ನಿಲ್ಲುತ್ತದೆ. ಒಂದು ಗಾಳಿಯನ್ನು ಹೊರಗಿಟ್ಟು ಓಡುವುದು, ಇನ್ನೊಂದು ಗಾಳಿಯನ್ನು ತುಂಬಿಕೊಂಡು ಓಡುವುದು. ಅತ್ತೆಯೂ ಸೊಸೆಯೂ ಒಂದೇ ಒಲೆಯಲ್ಲಿ ಅಡಿಗೆ ಮಾಡಲಾರದಂತೆ ಈ ಎರಡನ್ನು ಒಂದೇ ಗಾಡಿಗೆ ಪೋಣಿಸಿ ಬ್ರೇಕು ನಡೆಸಲಾಗದು. ಗಾಡಿ ಜೋಡಿಸುವವನಿಗೆ ದೂರದಿಂದಲೇ ಭೇದ ತಿಳಿಯಲೆಂದು ಬಣ್ಣ ಬೇರೆಯಾಯಿತು. ಹೊಸ ಬ್ರೇಕು ಎಲ್ಲ ಕಡೆ ಹಬ್ಬಿ ಹಳೆಯದು ಹೋದ ಮೇಲೂ ನೀಲಿ ಉಳಿಯಿತು. ಇಂದಿನ ಮೂವತ್ತರ ಹರೆಯದವರಿಗೆ ರೈಲು ಎಂದರೆ ನೀಲಿಯೇ.

ಮಳೆಗಾಲದಲ್ಲಿ ಆ ನೀಲಿಯನ್ನು ನೋಡಬೇಕು! ಆಷಾಢದ ಸಂಜೆ ಸೇನಾಪುರದ ಕಡೆಯ ಗದ್ದೆಗಳಲ್ಲಿ ನೇಜಿ ನೆಟ್ಟು ಎರಡು ವಾರವಾಗಿದೆ. ಹಸಿರು ಇನ್ನೂ ಎಳೆಯದು. ನೀರಿನಲ್ಲಿ ಮೋಡದ ನೆರಳು. ಅದರ ನಡುವೆ ಆ ಗಾಢನೀಲಿ ಗೆರೆ ಎಳೆದಂತೆ ಹೋಗುವಾಗ ಕಣ್ಣಿಗೆ ಎಲ್ಲಿಯೂ ಚುಚ್ಚುವುದಿಲ್ಲ. ಅದೇ ಬೋಗಿ ಮೇ ತಿಂಗಳಲ್ಲಿ ಧೂಳು ಮೆತ್ತಿಕೊಂಡು ನಿಂತಾಗ ಮಾತ್ರ ತೊಳೆಯದ ಶಾಲಾ ಸಮವಸ್ತ್ರದಂತೆ ಕಾಣುತ್ತದೆ. ಬಣ್ಣದ ಗುಣವನ್ನು ಕಾರ್ಖಾನೆಯ ಅಂಗಳದಲ್ಲಿ ಅಳೆಯುವುದು ಸಾಧುವಲ್ಲ. ಯಕ್ಷಗಾನದ ವೇಷವನ್ನು ಚೌಕಿಯಲ್ಲಿ ಕೂತು ಯಾರಾದರೂ ಅಳೆಯುವರೆ? ರಂಗಸ್ಥಳದ ಬೆಳಕಿನಲ್ಲಿ, ದೂರದ ಚಾಪೆಯಿಂದ ನೋಡಿದಾಗ ಕಸೆಸೀರೆಯ ಚೌಕುಳಿ ಎದ್ದು ಕಾಣಬೇಕು. ಗಾಡಿಯ ಬಣ್ಣವೂ ಹಾಗೆಯೇ. ಅದು ಓಡುವಾಗ, ನೆನೆದಾಗ, ಕೊಳೆಯಾದಾಗ ಹೇಗಿರುತ್ತದೆಂಬುದೇ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಸೋತವೂ ಉಂಟು. ೨೦೦೬ರ ನಂತರ ಬಂದ ಗರೀಬ್ ರಥದ ಹಸಿರು ಈ ಕರಾವಳಿಯ ಹಸಿರಿನ ಮುಂದೆ ಪೇಲವವಾಯಿತು. ತೆಂಗಿನ ತೋಟದ ನಡುವೆ ಗಿಳಿಯನ್ನು ಹುಡುಕಿದ ಹಾಗೆ. ೨೦೦೯ರಲ್ಲಿ ಹುಟ್ಟಿದ ದುರಂತೋ ಗಾಡಿಗಳು ಹಸಿರು–ಹಳದಿಯ ಚಿತ್ತಾರ ಹೊತ್ತು ಬಂದವು. ಎರ್ನಾಕುಲಂ–ನಿಜಾಮುದ್ದೀನ್ ದುರಂತೋ ಈ ದಾರಿಯಲ್ಲಿ ಹಾದುಹೋದಾಗ ಮಕ್ಕಳು ಕೈಬೀಸಿದರು, ಬಣ್ಣ ಬಲ್ಲವರು ಮುಖ ತಿರುವಿದರು. ೨೦೧೮ರ ಬಳಿಕ ಕೆಲವು ಹಳೆಯ ಬೋಗಿಗಳಿಗೆ 'ಉತ್ಕೃಷ್ಟ' ಎಂಬ ಯೋಜನೆಯಲ್ಲಿ ಗೋಧಿಬಣ್ಣವನ್ನೂ ಕಂದುಗೆಂಪನ್ನೂ ಹಚ್ಚಿದರು. ಮುದುಕಿಗೆ ಧಾರೆಸೀರೆ ಉಡಿಸಿದಂತಾಯಿತೆಂದು ನಕ್ಕವರಿದ್ದಾರೆ. ಆದರೆ ನೋಡಲು ಅಂದವಾಗಿಯೇ ಇತ್ತು. ಕರಾವಳಿಯ ಮಳೆಬಿಸಿಲಿಗೆ ತಿಳಿಬಣ್ಣ ಬಾಳುವುದಿಲ್ಲವೆಂಬುದೊಂದೇ ಕೊರತೆ. ತಿರುವನಂತಪುರದ ರಾಜಧಾನಿಯ ಕೆಂಪು ಮಾತ್ರ ಯಾವ ಋತುವಿನಲ್ಲಿಯೂ ಸೋಲಲಿಲ್ಲ. ಗದ್ದೆಯ ಹಸಿರಿನ ಎದುರು ಕೆಂಪನ್ನು ಮೀರಿಸುವ ಬಣ್ಣವಿಲ್ಲವೆಂಬುದನ್ನು ಭೂತದ ಕೋಲದವರೂ ಬಲ್ಲರು.

ಹೊರಗಿನ ಪ್ರಪಂಚದಲ್ಲಿಯೂ ಗಾಡಿಯ ಬಣ್ಣವೆಂದರೆ ಸಾಮಾನ್ಯ ಸಂಗತಿಯೆಂದು ಎಣಿಸಿದವರಲ್ಲ. ಮುಂಬಯಿ–ಪುಣೆಯ 'ಡೆಕ್ಕನ್ ಕ್ವೀನ್' ೧೯೩೦ರ ಜೂನ್ ೧ರಂದು ಹೊರಟಾಗ ಏಳೇಳು ಬೋಗಿಗಳ ಎರಡು ಜೋಡಣೆಗಳಿದ್ದವು. ಒಂದಕ್ಕೆ ಬೆಳ್ಳಿಯ ಬಣ್ಣದ ಮೇಲೆ ಕಡುಗೆಂಪಿನ ಅಂಚು. ಇನ್ನೊಂದಕ್ಕೆ ರಾಜನೀಲಿಯ ಮೇಲೆ ಚಿನ್ನದ ಗೆರೆ. ನಮ್ಮ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ೧೮೯೯ರ ಬೋಗಿ ಅಡಿಗೆಮನೆ, ಊಟದ ಮನೆಗಳೊಡನೆ ಇಂದಿಗೂ ನಿಂತಿದೆ. ರಾಣಿಯ ಬೋಗಿಯನ್ನು ಉಳಿಸುವುದು ಸುಲಭ. ಅದನ್ನು ಯಾರೂ ಗುಜರಿಗೆ ಹಾಕರು. ಜನರಲ್ ಬೋಗಿಯ ಪಾಡೇ ಬೇರೆ.

ಮತ್ಸ್ಯಗಂಧಿಯ ಹೊಸ ಸೀರೆ

ಮಂಗಳೂರಿನಿಂದ ಮುಂಬಯಿಯ ಲೋಕಮಾನ್ಯ ತಿಲಕ್ ನಿಲ್ದಾಣಕ್ಕೆ ಓಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ೧೯೯೮ರಲ್ಲಿ ಆರಂಭವಾಯಿತು. ಹೆಸರಿಟ್ಟವರು ಯಾರೋ ತಿಳಿದೇ ಇಟ್ಟಂತಿದೆ: ಭಾರತದ ಮತ್ಸ್ಯಗಂಧಿ ಮೀನುಗಾರರ ಮನೆಯ ಮಗಳು, ಹೊಳೆ ದಾಟಿಸುವ ದೋಣಿ ನಡೆಸಿದವಳು, ಕಡವುಗಳ ಈ ನಾಡಿನಲ್ಲಿ ಜನರನ್ನು ಹೊಳೆ ದಾಟಿಸುವುದೇ ಈ ಗಾಡಿಯ ಕೆಲಸ. ಕುಂದಾಪುರ ಸೀಮೆಯ ಹೊಳೆಗಳ ಹೆಸರನ್ನೇ ಹೊತ್ತ ಇನ್ನೊಂದು ಗಾಡಿಯೂ ಉಂಟು, ಬೆಂಗಳೂರು–ಕಾರವಾರದ ಪಂಚಗಂಗಾ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಗಂಗೊಳ್ಳಿಯ ಬಳಿ ಒಟ್ಟಾಗುವುದರಿಂದ ಬಂದ ಹೆಸರದು.

ಮತ್ಸ್ಯಗಂಧ ಬಹುಕಾಲ ಪೆರಂಬೂರಿನ ಜಾತಿಯ ಬೋಗಿಗಳಲ್ಲಿಯೇ ಓಡಿತು. ನೆರೆಯ ಗಾಡಿಗಳೆಲ್ಲ ಒಂದೊಂದಾಗಿ ಹೊಸ ಬೋಗಿ ಪಡೆದರೂ ಇದರ ಸರದಿ ಬರಲಿಲ್ಲ. ಮಳೆ ಸೋರುವ ಕಿಟಕಿ, ತುಕ್ಕು ಹಿಡಿದ ಬಾಗಿಲುಗಳ ವಿಷಯವಾಗಿ ಪ್ರಯಾಣಿಕರು ಬರೆದ ಮನವಿಗಳಿಗೆ ಲೆಕ್ಕವಿಲ್ಲ. ಕೊನೆಗೆ ೨೦೨೫ರ ಫೆಬ್ರವರಿಯಲ್ಲಿ ಎಲ್.ಎಚ್.ಬಿ. ಬೋಗಿಗಳು ಬಂದವು. ಜರ್ಮನಿಯ ಲಿಂಕೆ–ಹಾಫ್‌ಮನ್–ಬುಷ್ ಎಂಬ ಕಂಪನಿಯ ವಿನ್ಯಾಸವಾದ್ದರಿಂದ ಈ ಹೆಸರು. ೨೦೦೦ದ ಸುಮಾರಿಗೆ ಈ ದೇಶಕ್ಕೆ ಬಂದು, ಪಂಜಾಬಿನ ಕಪೂರ್ತಲಾದಲ್ಲಿ ತಯಾರಾಗಿ, ಮೊದಲು ರಾಜಧಾನಿ, ಶತಾಬ್ದಿಗಳಿಗೆ ಮೀಸಲಾಗಿ, ಈಗ ಎಲ್ಲ ಕಡೆ ಹಬ್ಬಿವೆ. ಮೈ ತುಕ್ಕು ಹಿಡಿಯದ ಉಕ್ಕು. ಬಣ್ಣ ಕೆಂಪು, ಕಿಟಕಿಯ ಸಾಲಿಗೆ ಬೂದು.

ಹಳೆಯ ನೀಲಿಗಾಗಿ ಮರುಗುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ೨೦೦೩ರ ಜೂನ್ ೨೨ರ ರಾತ್ರಿ ವೈಭವವಾಡಿಯ ಬಳಿ ಕಾರವಾರದಿಂದ ಮುಂಬಯಿಗೆ ಹೊರಟ ಗಾಡಿ ಗುಡ್ಡ ಕುಸಿದ ಬಂಡೆಗಳಿಗೆ ಡಿಕ್ಕಿ ಹೊಡೆದು ಸುಮಾರು ಐವತ್ತು ಮಂದಿ ಪ್ರಾಣ ಬಿಟ್ಟರು. ವರ್ಷ ತುಂಬುವ ಮೊದಲೇ, ೨೦೦೪ರ ಜೂನ್ ೧೬ರಂದು, ಮಹಾಡದ ಸಮೀಪ ಹಳಿಯ ಮೇಲೆ ಬಿದ್ದಿದ್ದ ಬಂಡೆಗೆ ತಾಗಿದ್ದು ಇದೇ ಮತ್ಸ್ಯಗಂಧ. ಬೋಗಿಗಳು ಸೇತುವೆಯಿಂದ ಕೆಳಗೆ ಉರುಳಿದವು. ಈ ಊರುಗಳಿಂದ ಹೊರಟ ಗಾಡಿಯಾದ್ದರಿಂದ ಆ ಸುದ್ದಿ ಬಂದ ದಿನವನ್ನು ಇಲ್ಲಿಯವರು ಮರೆತಿಲ್ಲ. ಬಂಡೆ ಬಿದ್ದದ್ದು ಬೋಗಿಯ ತಪ್ಪಲ್ಲ, ನಿಜ. ಆದರೆ ತಿರುಪಿನ ಕೊಂಡಿಯ ಬೋಗಿಗಳಿಗೆ ಒಂದು ದುರ್ಗುಣವಿದೆ: ಬಲವಾದ ಹೊಡೆತ ಬಿದ್ದರೆ ಕೊಂಡಿ ಕಳಚಿ ಒಂದರ ಮೇಲೊಂದು ಏರುತ್ತವೆ. ಹೊಸ ಬೋಗಿಯ ನಡುಗೊಂಡಿಯನ್ನು ಹಾಗೆ ಏರದಂತೆ ರಚಿಸಿದ್ದಾರೆ. ಹಳಿ ತಪ್ಪಿದರೂ ಅವು ಬಹುಮಟ್ಟಿಗೆ ಕೈ ಬಿಡದೆ ನಿಲ್ಲುತ್ತವೆ. ಆ ಅಪಘಾತಗಳ ಬಳಿಕ ಕೊಂಕಣ ರೈಲ್ವೆ ಗುಡ್ಡಗಳಿಗೆ ಬಲೆ ಹೊದಿಸಿತು, ಮಳೆಗಾಲದಲ್ಲಿ ಹಗಲಿರುಳು ಕಾವಲುಗಾರರನ್ನು ನಡೆಸಿತು, ವೇಗ ತಗ್ಗಿಸಿತು. ಈಗಲೂ ಪ್ರತಿವರ್ಷ ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿ. ನೀಲಿಯ ಮೇಲಿನ ಮೋಹ ಎಷ್ಟೇ ಇರಲಿ, ಮಗನನ್ನು ಮುಂಬಯಿಗೆ ಕಳಿಸುವ ತಾಯಿ ಯಾವ ಬೋಗಿಯನ್ನು ಆರಿಸುವಳೆಂದು ಕೇಳುವ ಅಗತ್ಯವಿಲ್ಲ.

ಹೊಸದರಲ್ಲಿ ದೋಷವಿಲ್ಲವೆಂದಲ್ಲ. ಹೊರಡುವಾಗ, ನಿಲ್ಲುವಾಗ ಎದೆಗೆ ಗುದ್ದಿದಂಥ ಎಳೆತವಿದೆ. ಮೇಲಿನ ಬರ್ತಿನಲ್ಲಿ ಮಲಗಿದವರು ಇದನ್ನು ಚೆನ್ನಾಗಿ ಬಲ್ಲರು. ಸ್ಲೀಪರಿನಲ್ಲಿ ೭೨ರ ಬದಲು ೮೦ ಮಂದಿಗೆ ಜಾಗವಾಯಿತು. ಬೋಗಿಯ ಉದ್ದವೂ ಬೆಳೆಯಿತು: ಕೊಂಡಿಗಳನ್ನು ಸೇರಿಸಿ ಹಳೆಯದು ಸುಮಾರು ೨೨.೩ ಮೀಟರ್, ಹೊಸದು ಸುಮಾರು ೨೪. ವ್ಯತ್ಯಾಸ ಸಣ್ಣದೆನಿಸೀತು. ಆದರೆ ೨೨ ಬೋಗಿಗಳ ಗಾಡಿಯಲ್ಲಿ ಅದು ಮೂವತ್ತೇಳು ಮೀಟರಿನಷ್ಟಾಗು‌ತ್ತದೆ. ಒಂದೆರಡು ನಿಮಿಷ ಮಾತ್ರ ಗಾಡಿ ನಿಲ್ಲುವ ಸಣ್ಣ ನಿಲ್ದಾಣದಲ್ಲಿ, ಧೋ ಎಂದು ಮಳೆ ಸುರಿಯುವಾಗ, ತಲೆಯ ಮೇಲೆ ಚೀಲ ಹೊತ್ತು ಆ ಮೂವತ್ತೇಳು ಮೀಟರ್ ಓಡಿದವರಿಗೇ ಅದರ ಬೆಲೆ ಗೊತ್ತು. ಜನರಲ್ ಬೋಗಿಗಳು ಸಾಮಾನ್ಯವಾಗಿ ಗಾಡಿಯ ಎರಡು ತುದಿಗಳಲ್ಲಿರುವುದರಿಂದ ಪ್ಲಾಟ್‌ಫಾರಮ್ಮಿನ ಮಾಡಿನ ಆಶ್ರಯ ತಪ್ಪುವುದು ಬಡವರಿಗೇ.

"ಹ್ವಾಯ್, ಜನರಲ್ ಡಬ್ಬಿ ಎದ್ರಿಗಾ, ಹಿಂದಾ?" ಎಂಬ ಪ್ರಶ್ನೆ ಆಗ ಪ್ಲಾಟ್‌ಫಾರಮ್ಮಿನ ಈ ಕೊನೆಯಿಂದ ಆ ಕೊನೆಗೆ ಹೋಗುತ್ತದೆ. ಬಣ್ಣದ ವಿಚಾರ ಕೇವಲ ಹವ್ಯಾಸಿಗಳ ವಿನೋದವಲ್ಲ ಎನ್ನುವುದು ಇಲ್ಲಿಯೇ. ನೀಲಿಯ ಕಾಲದಲ್ಲಿ ಜನರಲ್ ಬೋಗಿಯ ತುದಿಯಲ್ಲಿ ಓರೆಪಟ್ಟೆಗಳಿರುತ್ತಿದ್ದವು. ಅಕ್ಷರ ಬಾರದವರೂ ಪಟ್ಟೆ ನೋಡಿ ಓಡುತ್ತಿದ್ದರು. ಗಾಡಿಯೆಲ್ಲ ಒಂದೇ ಕೆಂಪು–ಬೂದು ಆದ ಮೇಲೆ ತಂಪು ಹವೆಯ ಬೋಗಿಯನ್ನು ಅದರ ಮುಚ್ಚಿದ ಕಪ್ಪು ಗಾಜಿನಿಂದ ಗುರುತಿಸಬಹುದು. ಸ್ಲೀಪರನ್ನೂ ಜನರಲ್ಲನ್ನೂ ಬೇರೆ ಮಾಡುವುದು ಓಡುವ ಗಾಡಿಯ ಎದುರು ಅಷ್ಟು ಸುಲಭವಲ್ಲ. ಎರಡು ಹಿಡಿ ಬಣ್ಣದ ಖರ್ಚಿನಲ್ಲಿ, ದೂರದಿಂದಲೇ ಕಾಣುವಷ್ಟು ಅಗಲವಾದ ಪಟ್ಟೆಯನ್ನು ಬಳಿದರೆ ಎಷ್ಟು ಮುದುಕಿಯರ ಓಟ ತಪ್ಪೀತು! ಬಣ್ಣ ಆರಿಸುವವರು ಹವಾನಿಯಂತ್ರಿತ ಕೋಣೆಯಿಂದ ಎದ್ದು ಜುಲೈ ತಿಂಗಳ ಒಂದು ದಿನ ಬೈಂದೂರಿನಲ್ಲಿ ನಿಲ್ಲಬೇಕು.

ನಿವೃತ್ತಿಯ ಬಳಿಕ

ಹಳೆಯ ಬೋಗಿಗೆ ಇಪ್ಪತ್ತೈದು ವರ್ಷ ಆಯುಸ್ಸು. ಅದಾದ ಮೇಲೆ ಎಲ್ಲವೂ ಗುಜರಿಗೆ ಹೋಗುವುದಿಲ್ಲ. ಕೆಲವನ್ನು ಆಸನ ಕಿತ್ತು, ಕಿಟಕಿ ಬಾಗಿಲು ಬೆಸೆದು ಮುಚ್ಚಿ, ತುದಿಯಲ್ಲಿ ದೊಡ್ಡ ಬಾಗಿಲು ಇಟ್ಟು, ಹೊಸ ಮೋಟಾರು ಕಾರುಗಳನ್ನು ಸಾಗಿಸುವ ಸರಕುಗಾಡಿ ಮಾಡುತ್ತಾರೆ. ಅದನ್ನು ಕಂಡವರು ಗುಂಡಗಿನ ಮಾಡು ನೋಡಿ ಒಡನೆ ಗುರುತು ಹಿಡಿಯಬಹುದು: ನಿನ್ನೆ ಎಪ್ಪತ್ತೆರಡು ಜನ ಮಲಗಿ ಗೊರಕೆ ಹೊಡೆದ ಬೋಗಿಯಲ್ಲಿ ಇಂದು ಕಾರುಗಳು ಕಣ್ಣುಮುಚ್ಚಿ ಪ್ರಯಾಣ ಮಾಡುತ್ತಿವೆ! ಇನ್ನು ಕೆಲವು ನಿಲ್ದಾಣದ ಹೊರಗೆ ಉಪಾಹಾರಗೃಹಗಳಾಗಿವೆ. ಮುಂಬಯಿಗೆ ಇಡ್ಲಿ–ದೋಸೆ ಕೊಂಡೊಯ್ದ ಸೀಮೆಯವರಿಗೆ ಈ ಉಪಾಯವನ್ನು ಯಾರೂ ಕಲಿಸಬೇಕಾಗಿಲ್ಲ.

ದಾರಿಯೂ ಬದಲಾಗಿದೆ. ೨೦೨೨ರಲ್ಲಿ ಕೊಂಕಣ ರೈಲ್ವೆಯ ಉದ್ದಕ್ಕೂ ವಿದ್ಯುತ್ ತಂತಿ ಬಂದಿತು. ಆ ವರ್ಷದ ಜೂನ್ ೨೦ರಂದು ಅದು ಲೋಕಾರ್ಪಣವಾಯಿತು. ಮಡಗಾಂವ್–ಮಂಗಳೂರಿನ ಸಣ್ಣ ಗಾಡಿ ಈಗ ಎಂಜಿನ್ನನ್ನು ಬೇರೆಯಾಗಿ ಹೊಂದಿರದ ಮೆಮು. ೨೦೨೩ರ ಡಿಸೆಂಬರ್ ೩೦ರಂದು ಮಂಗಳೂರು–ಮಡಗಾಂವ್ ವಂದೇ ಭಾರತ್ ಹೊರಟಿತು. ಅದಕ್ಕೆ ಆರಂಭದಲ್ಲಿ ನಡುವೆ ಉಡುಪಿ, ಕಾರವಾರಗಳಲ್ಲಿ ಮಾತ್ರ ನಿಲುಗಡೆ. ಅದರ ಚೆಂದವನ್ನು ಕುಂದಾಪುರದವರು ಒಂದು ಕ್ಷಣದಲ್ಲಿ ನೋಡಿ ಮುಗಿಸಬೇಕಾಯಿತು.

ಹೀಗಿರುವಾಗ ಪೆರಂಬೂರಿನ ಒಂದು ಬೋಗಿಯನ್ನು, ರಾಣಿಯದಲ್ಲ, ನಾಲ್ಕುನೂರರ ಸರಣಿಯ ಒಂದು ಜನರಲ್ ಬೋಗಿಯನ್ನು, ಈ ಮೂರು ಊರುಗಳಲ್ಲಿ ಎಲ್ಲಿಯಾದರೂ ನಿಲ್ಲಿಸಿ ಉಳಿಸುವುದು ಅಸಾಧ್ಯವೇನೂ ಅಲ್ಲ. ಮೂಡ್ಲಕಟ್ಟೆಯ ನಿಲ್ದಾಣದ ಆವರಣವೇ ಆದರೂ ಸಾಕು. ಒಳಗೆ ಹಲಗೆಯಾಸನ, ಕಿಟಕಿಯ ಅಡ್ಡ ಸರಳುಗಳು, ಎಚ್ಚರಿಕೆಯ ಸರಪಳಿ, ಎಲ್ಲವೂ ಇದ್ದ ಹಾಗೆಯೇ ಇರಬೇಕು. ಬಣ್ಣ ಯಾವುದೆಂಬ ವಿವಾದ ಬಂದರೆ ಒಂದು ಪಕ್ಕಕ್ಕೆ ಹಂಚಿನ ಕೆಂಪು, ಇನ್ನೊಂದು ಪಕ್ಕಕ್ಕೆ ನೀಲಿ ಹಚ್ಚಬಹುದು. ಹಳಿಯ ಆಚೆ ನಿಂತವರಿಗೂ ಈಚೆ ನಿಂತವರಿಗೂ ಜಗಳವಿರದು. ಆದರೆ ಕಡಲ ಗಾಳಿ ಉಕ್ಕನ್ನು ಬಿಡುವುದಿಲ್ಲ. ಬಾಗಿಲ ಅಡಿ, ಕಿಟಕಿಯ ಕೆಳಗೆ, ಶೌಚಾಲಯದ ಮೂಲೆಗಳಲ್ಲಿ ಅದು ಮೊದಲು ತಿನ್ನುತ್ತದೆ. ಆದ್ದರಿಂದ ಮೇಲೆ ಒಂದು ಮಾಡು, ಪ್ರತಿ ಮಳೆಗಾಲದ ಮುಂಚೆ ತುಕ್ಕು ಕೆರೆದು ಒಂದು ಕೈ ಬಣ್ಣ, ಇಷ್ಟರ ಖರ್ಚನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬಣ್ಣ ಬಳಿಯುವವರು ಬಾಗಿಲ ಬಳಿಯ ಐದು ಅಂಕೆಗಳನ್ನು ಅಳಿಸದಂತೆ ನೋಡಿಕೊಳ್ಳತಕ್ಕದ್ದು.